ಗುಂಡಿ ತುಂಬಿದ ಮೇಲೆ

2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರಿಗೆ ವಾಂತಿ ಭೇದಿ ಹಿಡಿಯಿತು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕೆಲವರು ಬದುಕಿ ಬರಲಿಲ್ಲ. ದಲಿತರ ಕೇರಿಯಾದ್ದರಿಂದ ಯಾರೋ ವಿಷ ಬೆರೆಸಿರಬಹುದೆಂಬ ಗುಮಾನಿಯೂ ಎದ್ದಿತು. ಆ ನೀರು ಕುಡಿಯಲು ಯೋಗ್ಯವಲ್ಲ ಎಂದು ಪ್ರಯೋಗಾಲಯದ ವರದಿ ಹೇಳಿತು.

ಮನೆಮನೆಗೂ ಕಕ್ಕಸು ಕಟ್ಟಿಸಿದರೆ ಇಂಥ ರೋಗ ತಾನಾಗಿಯೇ ದೂರವಾಗುತ್ತದೆ ಎಂಬ ನಂಬಿಕೆ ಬಹಳ ದಿನದ್ದು. ಒಡಿಶಾದ ನೂರು ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಅಲುಗಾಡಿಸಿತು. ಶೌಚಾಲಯ ಕಟ್ಟಿಸುವ ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಶೌಚಾಲಯವುಳ್ಳ ಮನೆಗಳು ಶೇ. 9ರಿಂದ ಶೇ. 63ಕ್ಕೆ ಏರಿದವು, ಮಕ್ಕಳ ಭೇದಿ ಮಾತ್ರ ಕಡಿಮೆಯಾಗಲಿಲ್ಲ. ಕಟ್ಟಿದ್ದನ್ನು ಎಲ್ಲರೂ ಬಳಸುತ್ತಿರಲಿಲ್ಲ ಎಂಬುದು ಒಂದು ಕಾರಣ. ಕೆಳಗಿನ ಗುಂಡಿಯಲ್ಲಿ ಏನಾಗುತ್ತಿದೆ ಎಂಬುದು ಬೇರೆಯೇ ಪ್ರಶ್ನೆ. ಸರ್ಕಾರದ ಲೆಕ್ಕ ಕಟ್ಟಡಕ್ಕೇ ಮುಗಿದುಹೋಗುತ್ತದೆ.

ಚಿತ್ರದುರ್ಗದಲ್ಲಿ ಗುಂಡಿಯ ಆ ಪ್ರಶ್ನೆಗೆ ತೂಕ ಹೆಚ್ಚು. ಮಳೆ ಕಡಿಮೆ, ನೆಲ ಗಟ್ಟಿ ಬಂಡೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಗೆ ಕೊಳವೆಬಾವಿಯೇ ದೊಡ್ಡ ಆಸರೆ. ಮಣ್ಣಿನಲ್ಲಿ ನೀರು ನಿಧಾನಕ್ಕೆ ಇಂಗುತ್ತ ಸೋಸಿಕೊಳ್ಳುತ್ತದೆ. ಬಂಡೆಯ ಬಿರುಕು ಸಿಕ್ಕಿತೆಂದರೆ ಸೋಸುವ ಮಾತೇ ಇಲ್ಲ, ಕೊಳಚೆ ನೇರ ಕೆಳಗಿಳಿಯುತ್ತದೆ. ಬೇಗ ತುಂಬಬಾರದೆಂದು ಜನ ಸಿಮೆಂಟ್ ರಿಂಗು ಇಳಿಸಿ ಒಂದೇ ಆಳದ ಗುಂಡಿ ತೋಡಿಸುತ್ತಾರೆ. ಆಳ ಹೆಚ್ಚಿದಷ್ಟೂ ಅದು ಅಂತರ್ಜಲಕ್ಕೆ ಹತ್ತಿರ.

ಇದಕ್ಕೆ ಅಗ್ಗದ ಉತ್ತರ ಹೊಸದೇನಲ್ಲ. ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಸ್ಥಾಪಿಸಿದ ಸುಲಭ್ ಸಂಸ್ಥೆ ದೇಶಕ್ಕೆಲ್ಲ ಹರಡಿದ ಜೋಡಿ ಗುಂಡಿಯೇ ಅದು. ನಾಲ್ಕಡಿ ಆಸುಪಾಸಿನ ಆಳದ ಎರಡು ಗುಂಡಿ. ಸುತ್ತಲೂ ಸಂದು ಬಿಟ್ಟು ಕಟ್ಟಿದ ಇಟ್ಟಿಗೆ, ತಳಕ್ಕೆ ಸಿಮೆಂಟ್ ಇಲ್ಲ. ಇಳಿಜಾರು ಹೆಚ್ಚಿರುವ ಬೇಸಿನ್‌ಗೆ ಒಂದೆರಡು ಲೀಟರ್ ನೀರು ಸುರಿದರೆ ಸಾಕು. ಕೊಡ ಹೊತ್ತು ನೀರು ತರುವ ಮನೆಗೆ ಇದೇ ದೊಡ್ಡ ಅನುಕೂಲ. ಪೈಪು ಕವಲೊಡೆಯುವ ಕಡೆ ಚಿಕ್ಕ ತೊಟ್ಟಿ. ಒಂದು ಗುಂಡಿ ತುಂಬಿದಾಗ ತೊಟ್ಟಿಯ ಮುಚ್ಚಳ ತೆಗೆದು, ಆ ಕವಲಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ, ಇನ್ನೊಂದನ್ನು ತೆರೆದರಾಯಿತು. ಮುಚ್ಚಿದ ಗುಂಡಿ ಒಂದೆರಡು ವರ್ಷದಲ್ಲಿ ಒಣಗಿ, ವಾಸನೆಯಿಲ್ಲದ ಕಪ್ಪು ಗೊಬ್ಬರವಾಗುತ್ತದೆ. ಮಣ್ಣು ತೀರಾ ಸಡಿಲವಿದ್ದಲ್ಲಿ ತಳ ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪ ಸಣ್ಣ ಮರಳು ತುಂಬಬೇಕೆಂದು ತಾಂತ್ರಿಕ ಕೈಪಿಡಿಗಳು ಹೇಳುತ್ತವೆ.

ಕೆಡುವುದು ಗಾರೆ ಕೆಲಸದಲ್ಲಿ. ಎರಡೂ ಗುಂಡಿಯನ್ನು ಒಂದರ ಹಿಂದೊಂದು ಪೈಪಿನಿಂದ ಜೋಡಿಸಿಬಿಡುವುದು ಎಲ್ಲೆಡೆ ಕಾಣುವ ತಪ್ಪು. ಹಾಗೆ ಮಾಡಿದರೆ ಎರಡೂ ಸದಾ ಹಸಿ, ಯಾವುದಕ್ಕೂ ಬಿಡುವಿಲ್ಲ. ಶೌಚಾಲಯಕ್ಕೆಂದು ಸರ್ಕಾರದ 12,000 ರೂಪಾಯಿ ಪ್ರೋತ್ಸಾಹಧನ ಬಿಡುಗಡೆ ಮಾಡುವಾಗ ಕಟ್ಟಡದ ಫೋಟೊ ಕೇಳುವವರು ಆ ತೊಟ್ಟಿಯ ಮುಚ್ಚಳ ತೆಗೆಸಿ ನೋಡಿದ್ದರೆ ಎಷ್ಟೋ ಉಳಿಯುತ್ತಿತ್ತು.

ಇಪ್ಪತ್ತು ಮೂವತ್ತು ಅಡಿ ಸೈಟಿನ ಕಾಲೊನಿ ಮನೆಗಳಲ್ಲಿ ಎರಡು ಗುಂಡಿಗೆ ಜಾಗವೆಲ್ಲಿ? ಅಲ್ಲಿ ಗುಂಡಿಯನ್ನು ಹೀರಿ ಖಾಲಿ ಮಾಡುವ ಸಕ್ಕಿಂಗ್ ಗಾಡಿಯೇ ಗತಿ. ತುಂಬಿದ ಗಾಡಿ ಊರಾಚೆಯ ಹಳ್ಳಕ್ಕೋ ತೋಟಕ್ಕೋ ಬರಿದಾಗುತ್ತದೆ. ಗೊಬ್ಬರವಾದೀತೆಂದು ಒಪ್ಪುವ ರೈತರೂ ಇದ್ದಾರೆ. ಆದರೆ ಹಸಿ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಗಾಡಿ ಬರಲಾಗದ ಓಣಿಯಲ್ಲಿ ಮನುಷ್ಯರನ್ನೇ ಇಳಿಸುವ ಅಪಾಯ. ಕರ್ನಾಟಕದಲ್ಲಿ ಮಲ ಹೊರುವುದನ್ನು ನಿಲ್ಲಿಸಲು ಆಗಿನ ಸಚಿವ ಬಿ. ಬಸವಲಿಂಗಪ್ಪ ಎಪ್ಪತ್ತರ ದಶಕದಲ್ಲೇ ಮುಂದಾದರು. 2013ರಲ್ಲಿ ಅದನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂತು. ಆದರೂ ಗುಂಡಿಗಿಳಿದವರ ಸಾವು ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮೃತರ ಕುಟುಂಬದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಗಾಡಿ ಬರಿದು ಮಾಡಲು ಸರಿಯಾದ ಜಾಗ ಹೇಗಿರಬೇಕೆಂಬುದಕ್ಕೆ ದೇವನಹಳ್ಳಿಯಲ್ಲಿ ಮಾದರಿಯಿದೆ. ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆ 2015ರಲ್ಲಿ ಅಲ್ಲಿ ಕಟ್ಟಿದ ಮಲತ್ಯಾಜ್ಯ ಸಂಸ್ಕರಣಾ ಘಟಕ ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯದ್ದು. ದೊಡ್ಡ ಯಂತ್ರಗಳ ಗದ್ದಲವಿಲ್ಲ, ಬಹುಪಾಲು ಕೆಲಸ ನೆಲದ ಇಳಿಜಾರೇ ಮಾಡುತ್ತದೆ. ಜಾಲರಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ ತಡೆದು, ತೊಟ್ಟಿಯಲ್ಲಿ ಕೊಳೆಸಿ, ರಾಡಿಯನ್ನು ಒಣಹಾಸಿನ ಮೇಲೆ ಹರಡುತ್ತಾರೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯ ಮೂಲಕ ಹಾಯುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದೊಂದಿಗೆ ಬೆರೆಸಿ ಗೊಬ್ಬರ ಮಾಡುತ್ತಾರೆ.

ಬಿಸಿಲಿಗೇನೂ ಬರವಿಲ್ಲದ ಚಿತ್ರದುರ್ಗದ ಸೀಮೆಗೆ ಒಣಹಾಸು ಹೇಳಿ ಮಾಡಿಸಿದಂತಿದೆ. ಹಣದ ದಾರಿಯೂ ಇದೆ: ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ ಮಲತ್ಯಾಜ್ಯ ನಿರ್ವಹಣೆಗೆ ತಲೆಗೆ 230 ರೂಪಾಯಿವರೆಗೆ ಅವಕಾಶವಿದೆ. ಉಳಿಯುವುದು ಗಾಡಿಯ ಡೀಸೆಲ್ ಲೆಕ್ಕ. ಹತ್ತಿರದ ಹಳ್ಳಕ್ಕೆ ಸುರಿದರೆ ಚಾಲಕನಿಗೆ ಖರ್ಚಿಲ್ಲ. ಘಟಕ ದೂರವಿದ್ದರೆ ಪ್ರತಿ ಟ್ರಿಪ್ಪಿಗೂ ನಷ್ಟ. ಆ ವ್ಯತ್ಯಾಸವನ್ನು ಪಂಚಾಯಿತಿ ಭರಿಸಬೇಕೋ, ಗುಂಡಿ ಖಾಲಿ ಮಾಡಿಸಿದ ಮನೆಯವರೋ ಎಂಬುದು ತೀರ್ಮಾನವಾಗುವ ತನಕ ಗಾಡಿಗಳು ಹಳ್ಳದ ದಾರಿಯನ್ನೇ ಹಿಡಿಯುತ್ತವೆ.