ಎಣ್ಣೆ ಮೆತ್ತಿದ ಹಕ್ಕಿಯನ್ನು ಏನು ಮಾಡಬೇಕು?



ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಹಕ್ಕಿಯ ಹೆಸರು ನೀವು ಕೇಳಿರುತ್ತೀರಿ. ಉದ್ದ ಕೊಕ್ಕು. ಕೊಕ್ಕಿನ ಕೆಳಗೆ ಚೀಲ. ಊರೊಳಗಿನ ಮರದಲ್ಲೇ ಗೂಡು. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದ ಹಾಗೆ ಅದು ವರ್ಷ ವರ್ಷ ಬರುತ್ತದೆ ಅಂತ ಆ ಊರಿನವರು ಹೇಳುತ್ತಾರೆ.

ಅದೇ ಜಾತಿಯ ಹಕ್ಕಿಗೆ 2023ರ ಡಿಸೆಂಬರ್ ತಿಂಗಳಲ್ಲಿ ದೊಡ್ಡ ಕಷ್ಟ ಬಂತು. ನಮ್ಮಲ್ಲಿ ಅಲ್ಲ, ಚೆನ್ನೈ ಪಕ್ಕದ ಎಣ್ಣೂರಿನಲ್ಲಿ. (ಹೆಸರು ಕೇಳಿ ನಗಬೇಡಿ, ಊರಿನ ಹೆಸರೇ ಅದು.) ಅಲ್ಲಿ ನದಿ ಸಮುದ್ರ ಸೇರುತ್ತದೆ. ಚಂಡಮಾರುತದ ಮಳೆಗೆ ನೆರೆ ಬಂತು. ನೆರೆ ನೀರಿನ ಜೊತೆ ಕಾರ್ಖಾನೆ ಕಡೆಯ ಕಪ್ಪು ಎಣ್ಣೆ ಹರಿದು ಬಂತು. ದೋಣಿಗೆ ಮೆತ್ತಿತು, ಬಲೆಗೆ ಮೆತ್ತಿತು. ಮೀನು ಹಿಡಿಯುವವರ ಹೊಟ್ಟೆಗೆ ಕಲ್ಲು ಬಿತ್ತು. ಹೆಜ್ಜಾರ್ಲೆಗಳ ಎದೆ, ರೆಕ್ಕೆ ಕಪ್ಪಾದವು.

ಈ ಸಂಗತಿಯನ್ನು ನಾನು ರಾತ್ರಿ ತರಗತಿಯಲ್ಲಿ ಓದಿ ಹೇಳಿದೆ. ಆಗ ಒಬ್ಬರು ಅಕ್ಕ, “ಹಿಡಿದು ಸೋಪು ಹಾಕಿ ತೊಳೆದರೆ ಆಯ್ತಲ್ಲ ಟೀಚರಮ್ಮ, ಅದಕ್ಕೇನು?” ಅಂದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಇದನ್ನೇ ಕಸುಬು ಮಾಡಿಕೊಂಡ ಡಾಕ್ಟರುಗಳಲ್ಲೇ ಎರಡು ಮಾತಿದೆ. ಕೆಲವರು ತೊಳೆದು ಬದುಕಿಸಬೇಕು ಅಂತಾರೆ. ಕೆಲವರು ಬೇಡ, ನೋವಿಲ್ಲದ ಹಾಗೆ ಸಾಯಿಸಿಬಿಡಿ, ಅದೇ ದಯೆ ಅಂತಾರೆ. ಜರ್ಮನಿ ದೇಶದ ಸಿಲ್ವಿಯಾ ಗೌಸ್ ಎಂಬ ಜೀವಶಾಸ್ತ್ರಜ್ಞೆ 2010ರಲ್ಲಿ ಹೀಗೇ ಹೇಳಿದರು. ಆಕೆಗೆ ಹಕ್ಕಿಯ ಮೇಲೆ ಕರುಣೆ ಇಲ್ಲ ಅಂತಲ್ಲ. ಯಾಕೆ ಹೇಳಿದರು ನೋಡೋಣ.

ಮೊದಲು ಎಣ್ಣೆ ಏನು ಮಾಡುತ್ತದೆ ತಿಳಿಯಬೇಕು. ಇದು ಅಡುಗೆ ಎಣ್ಣೆ ಅಲ್ಲ. ಭೂಮಿಯಿಂದ ತೆಗೆದ ಕಚ್ಚಾ ಎಣ್ಣೆ, ಇಲ್ಲವೇ ಹಡಗು ಓಡಿಸುವ ಎಣ್ಣೆ. ಡಾಂಬರಿನ ಹಾಗೆ ಅಂಟು.

ಹಕ್ಕಿಯ ಗರಿಗಳು ನಮ್ಮ ಮನೆ ಮೇಲಿನ ಹೆಂಚಿನ ಹಾಗೆ. ಒಂದಕ್ಕೊಂದು ಹೊಂದಿಕೊಂಡು ನೀರು ಒಳಗೆ ಬಿಡುವುದಿಲ್ಲ. ಒಳಗೆ ಬೆಚ್ಚನೆ ಗಾಳಿ ನಿಂತಿರುತ್ತದೆ. ಎಣ್ಣೆ ಮೆತ್ತಿದರೆ ಗರಿಗಳು ಗಂಟುಗಂಟಾಗಿ ಬಿಟ್ಟುಕೊಳ್ಳುತ್ತವೆ. ಹೆಂಚು ಸರಿದ ಮನೆ ಸೋರುವುದಿಲ್ಲವೇ? ಹಾಗೆ ತಣ್ಣೀರು ಚರ್ಮಕ್ಕೆ ತಾಗುತ್ತದೆ. ಮೈ ಬಿಸಿ ಆರುತ್ತದೆ. ನೀರಿನಲ್ಲಿ ತೇಲಲು ಆಗುವುದಿಲ್ಲ. ಹಸಿವಾದರೂ ಮೀನು ಹಿಡಿಯಲು ಹೋಗುವ ಹಾಗಿಲ್ಲ.

ಇನ್ನೊಂದು ಇದೆ. ಹಕ್ಕಿ ಸುಮ್ಮನೆ ಕೂರುವುದಿಲ್ಲ. ಕೊಕ್ಕಿನಿಂದ ಗರಿ ತೀಡಿ ತೀಡಿ ಎಣ್ಣೆ ತೆಗೆಯಲು ನೋಡುತ್ತದೆ. ಆ ಎಣ್ಣೆ ಹೊಟ್ಟೆಗೆ ಹೋಗುತ್ತದೆ. ಕರುಳು, ಪಿತ್ತಜನಕಾಂಗ, ಮೂತ್ರಪಿಂಡ ಹಾಳಾಗುತ್ತವೆ. ರಕ್ತ ಕಡಿಮೆ ಆಗುತ್ತದೆ. ಹೊರಗಿನ ಎಣ್ಣೆ ನಮ್ಮ ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಸೋಪು ಮೈ ತೊಳೆಯುತ್ತದೆ, ಕರುಳು ತೊಳೆಯುವುದಿಲ್ಲವಲ್ಲ.

ಆದ್ದರಿಂದ ಹಕ್ಕಿ ತಂದ ಕೂಡಲೇ ತೊಳೆಯುವ ಹಾಗಿಲ್ಲ. ಮೊದಲು ಬೆಚ್ಚಗೆ ಇಡಬೇಕು. ಕೊಳವೆ ಹಾಕಿ ನೀರು, ಔಷಧಿ ಕುಡಿಸಬೇಕು. ಸ್ವಲ್ಪ ಚೇತರಿಸಿಕೊಂಡ ಮೇಲೆ ತೊಳೆಯುತ್ತಾರೆ. ಪಾತ್ರೆ ತೊಳೆಯುವ ಸೋಪಿನ ದ್ರವ, ಉಗುರು ಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿಯ ನೀರು. ಒಂದು ಟಬ್ಬು ಕಪ್ಪಾದರೆ ಇನ್ನೊಂದು, ಮತ್ತೊಂದು. ಎಣ್ಣೆ ಸ್ನಾನದ ದಿನ ಸೀಗೆಪುಡಿ ಹಾಕಿ ಎಷ್ಟು ಸಲ ತಲೆ ಉಜ್ಜುತ್ತೀರಿ? ಅದರ ಹತ್ತರಷ್ಟು ಕೆಲಸ. ಸೋಪಿನ ಒಂದು ಚೂರೂ ಉಳಿಯಬಾರದು. ಉಳಿದರೆ ಮತ್ತೆ ನೀರು ಒಳಗೆ ಇಳಿಯುತ್ತದೆ.

ಹಕ್ಕಿಗೆ ನಾವು ಉಪಕಾರ ಮಾಡುತ್ತಿದ್ದೇವೆ ಅಂತ ಗೊತ್ತೇ? ಗೊತ್ತಿಲ್ಲ. ಕಾಡಿನ ಜೀವಕ್ಕೆ ಮನುಷ್ಯರ ಕೈ ಅಂದರೆ ಹುಲಿ ಬಾಯಿ ಇದ್ದ ಹಾಗೆ. ಹೆದರಿಕೆಗೇ ಕೆಲವು ಸಾಯುತ್ತವೆ.

ಇಷ್ಟೆಲ್ಲಾ ಮಾಡಿ ಬಿಟ್ಟ ಮೇಲೆ ಬದುಕುತ್ತವೆಯೇ? ಗಿಲ್ಲಿಮಾಟ್ ಎಂಬ ಕಡಲ ಹಕ್ಕಿಯೊಂದಿದೆ. ಅಮೆರಿಕದಲ್ಲಿ ಅವುಗಳನ್ನು ತೊಳೆದು, ಕಾಲಿಗೆ ಗುರುತಿನ ಬಳೆ ಹಾಕಿ ಬಿಟ್ಟಿದ್ದರು. ಆ ಬಳೆಗಳ ಲೆಕ್ಕ ಹಿಡಿದು 1996ರಲ್ಲಿ ಒಂದು ವರದಿ ಬಂತು. ಹೆಚ್ಚಿನವು ಬಿಟ್ಟ ಕೆಲವೇ ದಿನಗಳಲ್ಲಿ ಸತ್ತಿದ್ದವು. ಹಿಡಿದವರು ಕೈ ಬೀಸಿ ಕಳಿಸಿದರು, ಪತ್ರಿಕೆಯಲ್ಲಿ ಫೋಟೋ ಬಂತು, ಹಕ್ಕಿ ಮಾತ್ರ ಉಳಿಯಲಿಲ್ಲ. ಖರ್ಚೂ ಕಡಿಮೆ ಅಲ್ಲ. 1989ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ದೊಡ್ಡ ಹಡಗೊಂದು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಎಣ್ಣೆ ಸೋರಿತು. ಅಲ್ಲಿ ಕಡಲ ನೀರುನಾಯಿಗಳನ್ನು ಹಿಡಿದು ಆರೈಕೆ ಮಾಡಿದರು. ಬದುಕಿಸಿದ ಒಂದೊಂದಕ್ಕೆ ಸುಮಾರು 80,000 ಡಾಲರ್ ಬಿತ್ತು ಅಂತ ಲೆಕ್ಕ ಹೇಳುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಸಾಯಿಸುವುದೇ ಸರಿ ಅನ್ನಿಸುತ್ತದೆ. ಆದರೆ ಇನ್ನೊಂದು ಕತೆ ಇದೆ. ನನಗೆ ಬಹಳ ಇಷ್ಟವಾದ ನಿಜ ಕತೆ.

ದಕ್ಷಿಣ ಆಫ್ರಿಕಾ ಗೊತ್ತಲ್ಲ, ಗಾಂಧೀಜಿ ವಕೀಲರಾಗಿ ಹೋಗಿದ್ದ ದೇಶ. ಅಲ್ಲಿ ರಾಬೆನ್ ದ್ವೀಪವಿದೆ. ನೆಲ್ಸನ್ ಮಂಡೇಲಾ ಅವರನ್ನು ಜೈಲಿನಲ್ಲಿ ಇಟ್ಟಿದ್ದು ಅಲ್ಲೇ. ಆ ದ್ವೀಪದಲ್ಲೂ ಪಕ್ಕದ ಡಾಸೆನ್ ದ್ವೀಪದಲ್ಲೂ ಪೆಂಗ್ವಿನ್ ಎಂಬ ಹಕ್ಕಿಗಳು ಮರಿ ಮಾಡುತ್ತವೆ. ಅವು ಹಾರುವುದಿಲ್ಲ, ಈಜುತ್ತವೆ. ಕಪ್ಪು ಕೋಟು ಹಾಕಿದ ವಕೀಲರ ಹಾಗೆ ನಡೆಯುತ್ತವೆ. 2000ದ ಜೂನ್ 23ರಂದು ಅದಿರು ಹೊತ್ತ ಹಡಗೊಂದು ಅಲ್ಲೇ ಮುಳುಗಿತು. ಅದರ ಎಣ್ಣೆ ದ್ವೀಪದ ಸುತ್ತ ಹರಡಿತು.

ಸುಮಾರು 19,000 ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿತು. ಎಲ್ಲವನ್ನೂ ಹಿಡಿದು ತಂದರು. ದೊಡ್ಡ ಶೆಡ್ಡಿನಲ್ಲಿ ಇಟ್ಟರು. 12,000ಕ್ಕೂ ಹೆಚ್ಚು ಜನ ತಾವಾಗಿ ಬಂದು ದುಡಿದರು. ಸಂಬಳ ಇಲ್ಲ. ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಉಜ್ಜಬೇಕು. ಪೆಂಗ್ವಿನ್ ಕಚ್ಚಿದರೆ ಕೈ ಕಿತ್ತು ಬರುವ ಹಾಗೆ ನೋವು. ಸತ್ತ ಮೀನನ್ನು ಅವು ತಾವಾಗಿ ತಿನ್ನವು. ಹಟ ಮಾಡುವ ಮಗುವಿಗೆ ತಿನ್ನಿಸುವ ಹಾಗೆ ಒಂದೊಂದರ ಬಾಯಿಗೂ ಮೀನು ಇಡಬೇಕು. ತಿಂಗಳುಗಟ್ಟಲೆ ಈ ಕೆಲಸ ನಡೆಯಿತು. ಹತ್ತರಲ್ಲಿ ಒಂಬತ್ತು ಬದುಕಿ ಸಮುದ್ರ ಸೇರಿದವು. ಬಹಳಷ್ಟು ಮುಂದೆ ಮರಿಯನ್ನೂ ಮಾಡಿದವು.

ಅದಕ್ಕಿಂತ ಜಾಣತನದ ಕೆಲಸ ಇನ್ನೊಂದು ಮಾಡಿದರು. ಎಣ್ಣೆ ಮೆತ್ತದ ಪೆಂಗ್ವಿನ್‌ಗಳೂ ಅಷ್ಟೇ ಇದ್ದವು. ಅವು ನೀರಿಗೆ ಇಳಿದರೆ ಅವಕ್ಕೂ ಅದೇ ಗತಿ. ಅದಕ್ಕೆ ಸುಮಾರು 19,500 ಹಕ್ಕಿಗಳನ್ನು ಲಾರಿಗೆ ತುಂಬಿ ನೂರಾರು ಕಿಲೋಮೀಟರ್ ದೂರದ ಕಡಲಿನಲ್ಲಿ ಬಿಟ್ಟರು. ಅವು ಮನೆ ಕಡೆಗೆ ಈಜಿಕೊಂಡು ಹೊರಟವು. ಮೂರು ಹಕ್ಕಿಗಳ ಬೆನ್ನಿಗೆ ಯಂತ್ರ ಕಟ್ಟಿದ್ದರು. ಪೀಟರ್, ಪಮೇಲಾ, ಪರ್ಸಿ ಅಂತ ಹೆಸರು. ಇವತ್ತು ಎಲ್ಲಿವರೆಗೆ ಬಂದವು ಅಂತ ಜನ ದಿನಾ ಕೇಳುತ್ತಿದ್ದರಂತೆ. ಎರಡು ಮೂರು ವಾರದಲ್ಲಿ ಊರು ಸೇರಿದವು. ಅಷ್ಟರಲ್ಲಿ ಇಲ್ಲಿ ನೀರು ತಿಳಿಯಾಗುತ್ತಾ ಬಂದಿತ್ತು.

ಒಂದೇ ಸಲಕ್ಕೆ ಬಂದ ಜಾಣತನ ಅಲ್ಲ ಇದು. 1994ರಲ್ಲಿ ಅಲ್ಲೇ ಇನ್ನೊಂದು ಹಡಗು ಮುಳುಗಿದಾಗ ಎಣ್ಣೆ ಮೆತ್ತಿದ ಸುಮಾರು 10,000 ಪೆಂಗ್ವಿನ್‌ಗಳಲ್ಲಿ ಅರ್ಧದಷ್ಟೇ ಉಳಿದಿದ್ದವು.

ಗಿಲ್ಲಿಮಾಟ್ ಸತ್ತಿತು, ಪೆಂಗ್ವಿನ್ ಬದುಕಿತು. ಯಾಕೆ? ಪೆಂಗ್ವಿನ್ ಗಟ್ಟಿ ಜೀವ. ಮೈಯಲ್ಲಿ ಕೊಬ್ಬು ಇದೆ. ಹಾರದ ಕಾರಣ ಬೇಗ ಕೈಗೆ ಸಿಗುತ್ತದೆ. ಹಾರುವ ಹಕ್ಕಿ ಹಾಗಲ್ಲ. ಎಣ್ಣೂರಿನಲ್ಲಿ ಅರಣ್ಯ ಇಲಾಖೆಯವರು ಹಿಡಿಯಲು ಹೋದರು. ರೆಕ್ಕೆಯಲ್ಲಿ ಶಕ್ತಿ ಇರುವ ಹೆಜ್ಜಾರ್ಲೆ ಕೈಗೆ ಎಲ್ಲಿ ಸಿಗುತ್ತದೆ? ಹಾರಲಾರದೆ ಸಿಗುವ ಹೊತ್ತಿಗೆ ಎಣ್ಣೆ ಹೊಟ್ಟೆ ಸೇರಿ ದಿನ ಕಳೆದಿರುತ್ತದೆ.

ಇನ್ನೊಂದು ಮಾತೂ ಇದೆ. ಆಫ್ರಿಕಾದ ಪೆಂಗ್ವಿನ್ ಈಗ 10,000 ಜೋಡಿಯೂ ಉಳಿದಿಲ್ಲ. 2024ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಅಂಥ ಕಡೆ ಒಂದೊಂದು ಜೀವವೂ ಬೆಲೆಯದ್ದು. ಲಕ್ಷಗಟ್ಟಲೆ ಇರುವ ಜಾತಿಗೆ ಅಷ್ಟು ಖರ್ಚು ಬೇಡ ಅಂತ ಕೆಲವರ ವಾದ. ಈ ವಾದ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ತನ್ನ ಜಾತಿ ಎಷ್ಟಿದೆ ಅಂತ ಹಕ್ಕಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೋವು. ನಾನು ಕೇಳುವುದು ಇಷ್ಟೇ: ಈ ಹಕ್ಕಿ ಬದುಕುತ್ತದೆಯೋ ಇಲ್ಲವೋ? ಡಾಕ್ಟರು ಮೊದಲ ದಿನವೇ ತೂಕ, ಮೈ ಬಿಸಿ, ರಕ್ತ ನೋಡಿ ಹೇಳಬೇಕು. ಬದುಕುವುದಾದರೆ ತೊಳೆಯಲಿ. ಇಲ್ಲವಾದರೆ ನಮ್ಮ ಸಮಾಧಾನಕ್ಕೆ ಅಂತ ವಾರಗಟ್ಟಲೆ ಗೋಳಾಡಿಸುವುದು ಬೇಡ. ಮಂಪರಿನ ಔಷಧಿ ಹೆಚ್ಚು ಕೊಟ್ಟು ಸೂಜಿ ಹಾಕಿದರೆ ನಿದ್ದೆ ಬಂದ ಹಾಗೆ ಪ್ರಾಣ ಹೋಗುತ್ತದೆ.

ಇದನ್ನು ಹೇಳಿದಾಗ ತರಗತಿಯಲ್ಲಿ ಗದ್ದಲವೇ ಆಯಿತು. “ಕೊಟ್ಟ ಜೀವ ತೆಗೆಯೋಕೆ ನಾವ್ಯಾರು?” ಅಂದರು ಒಬ್ಬರು ಅಜ್ಜಿ. ಹಿಂದೆ ಕೂತಿದ್ದ ಅಕ್ಕ ಒಬ್ಬರು ಮೆಲ್ಲಗೆ ಹೇಳಿದರು: “ನಮ್ಮ ನಾಯಿ ಮೇಲೆ ಲಾರಿ ಹತ್ತಿತ್ತು ಅಜ್ಜಿ. ಸೊಂಟ ಮುರಿದು ಮೂರು ದಿನ ಬೇಲಿ ಪಕ್ಕ ಕೂಗ್ತಾ ಬಿದ್ದಿತ್ತು. ಬದುಕಿಸೋಕೆ ಆಗಲಿಲ್ಲ, ಸಾಯಿಸೋಕೆ ಮನಸ್ಸು ಬರಲಿಲ್ಲ. ಕಿವಿ ಮುಚ್ಕೊಂಡು ಮಲಗಿದ್ವಿ.” ಆಮೇಲೆ ನನ್ನ ಕಡೆ ತಿರುಗಿ, “ಆ ಸೂಜಿ ದನದ ಆಸ್ಪತ್ರೇಲಿ ಸಿಗುತ್ತಾ?” ಅಂತ ಕೇಳಿದರು. ದನದ ಡಾಕ್ಟರು ಹಾಕುತ್ತಾರೆ ಅಂದೆ. ಅಜ್ಜಿ ಏನೂ ಮಾತಾಡಲಿಲ್ಲ.

ಹಕ್ಕಿ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಕಾಡುಪ್ರಾಣಿ, ಕಾಡುಹಕ್ಕಿಗಳನ್ನು ನಾವಾಗಿ ಸಾಕುವುದಕ್ಕೂ ಸಾಯಿಸುವುದಕ್ಕೂ 1972ರ ಕಾನೂನಿನಲ್ಲಿ ಅವಕಾಶ ಇಲ್ಲ. ನಿಮ್ಮ ನೆಂಟರು ಕಡಲ ತೀರದಲ್ಲಿದ್ದರೆ ಈ ಮಾತು ಅವರಿಗೂ ಹೇಳಿ. ಎಣ್ಣೆ ಮೆತ್ತಿದ ಹಕ್ಕಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ತೊಳೆಯಬೇಡಿ. ಸೀಮೆಎಣ್ಣೆಯಲ್ಲಂತೂ ಒರೆಸಲೇಬೇಡಿ. ಹಳೆ ಬಟ್ಟೆ ಹಾಕಿ ಎತ್ತಿ, ಗಾಳಿ ಆಡುವ ತೂತಿರುವ ರಟ್ಟಿನ ಡಬ್ಬದಲ್ಲಿ ಇಡಿ. ಬಾಯಿಗೆ ಏನೂ ಹಾಕಬೇಡಿ. ಮಕ್ಕಳನ್ನು ದೂರ ಇಟ್ಟು, ಅರಣ್ಯ ಇಲಾಖೆಯವರಿಗೆ ಕೂಡಲೇ ಫೋನು ಮಾಡಿಸಿ.