ಶಾಲೆಯ ಮೊದಲ ದಿನ ಹೊಟ್ಟೆನೋವೇಕೆ?

ಜೂನ್‌ನಲ್ಲಿ ಶಾಲೆಗೆ ಸೇರುವ ಮಗಳು ಈಗಲೇ ಹೊಟ್ಟೆನೋವು ಅನ್ನುತ್ತಾಳೆ. ಚಿತ್ರಪುಸ್ತಕ ಓದಿದರೆ ಭಯ ಹೇಗೆ ಕಡಿಮೆಯಾಗುತ್ತದೆ? – ಓದುಗರು, ಡೊಂಬಿವಲಿ

ನೋವು ನಾಟಕವಲ್ಲ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರಿ, ರಕ್ತ ಹೊಟ್ಟೆಯಿಂದ ಸ್ನಾಯುಗಳತ್ತ ಸರಿಯುತ್ತದೆ, ಹೊಟ್ಟೆ ಹಿಂಡಿದಂತಾಗುತ್ತದೆ. ಮಿದುಳನ್ನು ಕಾಡುವುದು ಶಾಲೆಗಿಂತ ಹೆಚ್ಚಾಗಿ, ಅಲ್ಲೇನಾಗುತ್ತದೋ ಎಂಬ ಅಂದಾಜಿಲ್ಲದಿರುವುದು. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದು ಗೊತ್ತಿದ್ದವರು ಠಾಣೆ ನಿಲ್ದಾಣದ ಗರ್ದಿಯಲ್ಲೂ ಲೋಕಲ್ ರೈಲಿನಿಂದ ನಿರಾಳವಾಗಿ ಇಳಿಯುತ್ತಾರಲ್ಲ? ಕಥೆಯೂ ಹಾಗೆಯೇ ಮುಂದಿನದನ್ನು ಮೊದಲೇ ತೋರಿಸಿಬಿಡುತ್ತದೆ.

ಆಡ್ರಿ ಪೆನ್ ಅವರ ‘ದ ಕಿಸ್ಸಿಂಗ್ ಹ್ಯಾಂಡ್’ (1993) ಪುಸ್ತಕದಲ್ಲಿ ತಾಯಿ ರಕೂನ್ ಮರಿಯ ಅಂಗೈಗೆ ಮುತ್ತಿಟ್ಟು ಶಾಲೆಗೆ ಕಳಿಸುತ್ತಾಳೆ. ಕನ್ನಡದ ಚಿತ್ರಕಥೆಗಳು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಉಚಿತ. ಒಂದನ್ನೇ ಮತ್ತೆ ಮತ್ತೆ ಓದಿ, ಬೇಸರ ನಿಮಗಷ್ಟೇ. ಕಥೆಯಲ್ಲಿ ಗೆಳೆತನದ ಪುಟ ಬಂದಾಗ ನಿಂತು, ‘ನಿನ್ನ ಹೆಸರೇನು?’ ಎಂದು ಕೇಳುವುದನ್ನು ಆಡಿಸಿ, ಅಲ್ಲಿನ ಗೆಳೆಯರಿಗಾಗಿ ಮರಾಠಿಯಲ್ಲೂ.