ಮನೆಮದ್ದಿನ ಅಳತೆ

ಮನೆಮದ್ದು ಎಂದೊಡನೆ ನಮ್ಮಲ್ಲಿ ಎರಡು ಪಂಗಡಗಳು ಏಳುವುದುಂಟು. ಅಜ್ಜಿಯ ಕೈಯಲ್ಲಿದ್ದುದೆಲ್ಲವೂ ಸಂಜೀವಿನಿ ಎನ್ನುವುದು ಒಂದು. ಅಡಿಗೆಮನೆಯಿಂದ ಬಂದುದೆಲ್ಲ ಮೂಢನಂಬಿಕೆ ಎನ್ನುವುದು ಇನ್ನೊಂದು. ಮೊದಲನೆಯ ಪಂಗಡಕ್ಕೆ ಈಗ ಮೊಬೈಲಿನ ಬೆಂಬಲವೂ ದೊರೆತಿದೆ. ಬೆಳಗಾಗುವಷ್ಟರಲ್ಲಿ ಹತ್ತು ಬಗೆಯ ಕಷಾಯಗಳ ವಿಧಾನ ಬಂದು ಬಿದ್ದಿರುತ್ತದೆ. ಎರಡೂ ಪಂಗಡಗಳಿಗೆ ಒಂದು ಗುಣ ಸಮಾನ. ಯಾವ ಮದ್ದು ಏಕೆ ಗುಣ ಕೊಡುತ್ತದೆ, ಎಷ್ಟು ಕೊಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ಇಬ್ಬರೂ ಕೇಳುವುದಿಲ್ಲ.

ನನಗೆ ಇದು ಹೊತ್ತು ಕಳೆಯುವ ಚರ್ಚೆಯಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ರಜೆಗೆ ಊರಿಗೆ ಹೋದರೆ, ನಾನು ಓದುವುದು ಇತಿಹಾಸ ಮತ್ತು ಅರ್ಥಶಾಸ್ತ್ರವೆಂದು ಎಷ್ಟು ಹೇಳಿದರೂ ಬಿಡದೆ, ಔಷಧದ ಚೀಟಿಯಿಂದ ಹಿಡಿದು ಗೊಬ್ಬರದ ಚೀಲದವರೆಗೆ ಎಲ್ಲವನ್ನೂ ತಂದು ಮುಂದೆ ಹಿಡಿಯುತ್ತಾರೆ. ಕಳೆದ ಬೇಸಿಗೆಯಲ್ಲಿ ನೆರೆಮನೆಯ ಎರಡು ವರ್ಷದ ಮಗುವಿಗೆ ಭೇದಿ ಹತ್ತಿತು. ನೀರು ಕೊಟ್ಟರೆ ಇನ್ನೂ ಹೆಚ್ಚಾಗುವುದೆಂದು ಮನೆಯ ಹಿರಿಯರು ಬೆಳಗಿನಿಂದ ನೀರನ್ನೇ ನಿಲ್ಲಿಸಿದ್ದರು. ಮಗುವಿನ ತಾಯಿ, ನಾನು ಅತ್ತಿಗೆಯೆಂದು ಕರೆಯುವವರು, ನನ್ನನ್ನು ಕಂಡು, “ಓದಿದವನಲ್ಲಪ್ಪ ನೀನು, ಒಂದು ತೊಟ್ಟು ನೀರು ಕೊಡಬಹುದಾ ಹೇಳು” ಎಂದರು. ಕೊಡಬಹುದಲ್ಲ ಅತ್ತಿಗೆ, ಕೊಡಲೇಬೇಕು ಎಂದೆ. ಒಳಗಿನಿಂದ ಮುದುಕರು, “ಯಾಕೆ?” ಎಂದರು. ಅವರಿಗೆ ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಭೇದಿಯಾದಾಗ ಜೀವಕ್ಕೆ ಬಹುಮಟ್ಟಿಗೆ ಅಪಾಯ ತರುವುದು ಮೈಯಿಂದ ಹೊರಟುಹೋಗುವ ನೀರು ಮತ್ತು ಉಪ್ಪು. ಹೋದುದನ್ನು ತುಂಬದಿದ್ದರೆ ಕಣ್ಣು ಗುಳಿಬೀಳುತ್ತದೆ, ನಾಲಿಗೆ ಒಣಗುತ್ತದೆ, ಮೂತ್ರ ನಿಲ್ಲುತ್ತದೆ. ಬರಿಯ ನೀರಿನಿಂದ ಈ ನಷ್ಟ ತುಂಬುವುದಿಲ್ಲ. ಅದಕ್ಕೆ ಬರಿಯ ಉಪ್ಪನ್ನು ಬೆರೆಸಿದರೂ ಸಾಲದು. ಸಣ್ಣ ಕರುಳಿನ ಒಳಗೋಡೆಯಲ್ಲಿ ಒಂದು ವಿಚಿತ್ರವಾದ ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಸಕ್ಕರೆಯಿಂದ ಬರುವ ಗ್ಲೂಕೋಸ್ ಜೊತೆಯಾಗಿ ಬಂದರೆ ಅದು ತೆರೆಯುತ್ತದೆ. ಒಂಟಿ ಎತ್ತಿಗೆ ಕದಲದ ಗಾಡಿ ಜೋಡಿಗೆ ಕದಲಿದ ಹಾಗೆ. ಅವೆರಡೂ ಒಳಹೊಕ್ಕರೆ ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಕಾಲರಾದಂತಹ ಘೋರ ರೋಗದಲ್ಲಿ ಕೂಡ ಈ ಬಾಗಿಲು ಮುಚ್ಚುವುದಿಲ್ಲ. ಈ ಜೋಡಿಯ ವಿಚಾರವನ್ನು ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ 1960ರಲ್ಲಿ ಪ್ರೇಗ್ ನಗರದ ಸಭೆಯೊಂದರಲ್ಲಿ ವಿವರಿಸಿದನು.

ಸಭೆಯಲ್ಲಿ ಹೇಳಿದ ಮಾತು ಜನರ ಜೀವ ಉಳಿಸಿದ ಕಥೆ ಇತಿಹಾಸದ ವಿದ್ಯಾರ್ಥಿಯಾದ ನನಗೆ ಇನ್ನೂ ಹೆಚ್ಚು ಪ್ರಿಯವಾದುದು. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ನಮ್ಮ ದೇಶಕ್ಕೆ ಬಂದರು. ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಆಗ ಡಾ. ದಿಲೀಪ್ ಮಹಲಾನಬಿಸ್ ಎಂಬ ವೈದ್ಯರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸ್‌ಗಳನ್ನು ಅಳತೆಯಲ್ಲಿ ನೀರಿಗೆ ಬೆರೆಸಿ ರೋಗಿಗಳಿಗೆ ಕುಡಿಸಲು ಏರ್ಪಾಡು ಮಾಡಿದರು. ದಾದಿಯರು ಸಾಲದ ಕಡೆ ರೋಗಿಗಳ ಬಂಧುಗಳೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಆ ವೈದ್ಯರು 2022ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಅವರಿಗೆ ಪದ್ಮವಿಭೂಷಣವನ್ನು ಸಲ್ಲಿಸಿತು. ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು?

ಹಾಗಾದರೆ ಅಳತೆ ಯಾವುದು? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆ ಸವರಿದ ಆರು ಚಹಾ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಚಹಾ ಚಮಚ ಉಪ್ಪು. ನಾಲಿಗೆಗೆ ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಬಾರದು. ಗುಟುಕು ಗುಟುಕಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಬೇಕು. ಒಂದು ದಿನ ಕಳೆದ ನೀರನ್ನು ಚೆಲ್ಲಿ ಹೊಸದಾಗಿ ಮಾಡಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಅದೇ ಅಪಾಯ. ಸಕ್ಕರೆ ಹೆಚ್ಚಾದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಬಾಟಲಿಯ ಸಿಹಿ ಪಾನೀಯಗಳು ಸಲ್ಲದಿರುವುದು ಈ ಕಾರಣದಿಂದಲೇ. ಓ.ಆರ್.ಎಸ್. ಪೊಟ್ಟಣ ಸಿಕ್ಕುವ ಕಡೆ ಅದೇ ಮೇಲು, ಏಕೆಂದರೆ ಅದರಲ್ಲಿ ಪೊಟ್ಯಾಸಿಯಂ ಕೂಡ ಇದೆ. ನಮ್ಮ ನೆರೆಮನೆಗೆ ಆಶಾ ಕಾರ್ಯಕರ್ತೆಯೇ ಪೊಟ್ಟಣವನ್ನೂ ಸತುವಿನ ಮಾತ್ರೆಗಳನ್ನೂ ತಂದುಕೊಟ್ಟರು. ಮಗು ಎರಡು ದಿನದಲ್ಲಿ ಚೇತರಿಸಿಕೊಂಡಿತು. ಮಲದಲ್ಲಿ ರಕ್ತ ಕಂಡರೆ, ಏನು ಕುಡಿಸಿದರೂ ನಿಲ್ಲದಿದ್ದರೆ, ಮಗು ಮಂಕಾದರೆ, ಅಡಿಗೆಮನೆಯ ಕೆಲಸ ಅಲ್ಲಿಗೆ ಮುಗಿಯಿತು, ಆಸ್ಪತ್ರೆಗೆ ಹೊರಡಬೇಕು.

ನಮ್ಮ ಅಜ್ಜಿ ಹೊಟ್ಟೆ ಕೆಟ್ಟವರಿಗೆಲ್ಲ ಉಪ್ಪು ಹಾಕಿದ ತೆಳು ಅಕ್ಕಿಗಂಜಿ ಕೊಡುತ್ತಿದ್ದರು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಉಪ್ಪು ಅದಕ್ಕೆ ಜೊತೆಯಾಗುತ್ತದೆ. ಪ್ರೇಗ್ ನಗರದ ಹೆಸರನ್ನು ಕೇಳದೆಯೇ ಅವರು ಆ ಜೋಡಿಯನ್ನು ಹೂಡಿದ್ದರು. ಆದರೆ ಅದೇ ಓಣಿಯಲ್ಲಿ, ಅಷ್ಟೇ ವಯಸ್ಸಾದವರು, ನೀರು ನಿಲ್ಲಿಸುವುದನ್ನೂ ಮದ್ದೆಂದೇ ನಂಬಿದ್ದರು. ಹಳೆಯದೆಂಬ ಒಂದೇ ಗುಣದಿಂದ ಎರಡನ್ನೂ ಒಪ್ಪುವುದು ಹೇಗೆ?

ಒಪ್ಪಲಾಗದ ರೂಢಿಗಳು ಇನ್ನೂ ಇವೆ. ಹಸುಗೂಸಿನ ನಾಲಿಗೆಗೆ ಜೇನು ಸವರುತ್ತಾರೆ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಸೂಕ್ಷ್ಮಜೀವಿಯನ್ನು ದೊಡ್ಡವರ ಕರುಳು ತಡೆದುಕೊಳ್ಳುತ್ತದೆ, ಕೂಸಿನದು ತಡೆಯಲಾರದು; ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಎಣ್ಣೆನೀರು ಹಾಕುವಾಗ ಕೂಸಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ರೋಗ ತರಬಲ್ಲುದು. ಮೈಗೆ ಎಣ್ಣೆ ತಿಕ್ಕುವುದಕ್ಕೆ ನನ್ನ ಆಕ್ಷೇಪವಿಲ್ಲ, ಅದು ಸುಖವೇ. ಸುಟ್ಟ ಗಾಯಕ್ಕೆ ಶಾಯಿ, ದೋಸೆ ಹಿಟ್ಟು, ಹಲ್ಲುಜ್ಜುವ ಪೇಸ್ಟು ಬಳಿಯುವುದನ್ನು ನಮ್ಮ ಹಾಸ್ಟೆಲಿನಲ್ಲೇ ಕಂಡಿದ್ದೇನೆ. ಅದಕ್ಕೆ ಬೇಕಾದುದು ನಲ್ಲಿಯ ತಣ್ಣೀರು, ಇಪ್ಪತ್ತು ನಿಮಿಷ. ಗಂಟಲು ನೋವಿಗೆ ಉಗುರುಬೆಚ್ಚನೆಯ ಉಪ್ಪುನೀರು ಮುಕ್ಕಳಿಸುವುದು ನಿರಪಾಯವಾದುದು, ಹಿತವೂ ಹೌದು.

ಕೊನೆಗೆ ಊಟದ ವಿಷಯ, ಇದು ನಮ್ಮ ಸಹಪಾಠಿನಿಯರಿಗೆ ಹೆಚ್ಚು ಸಲ್ಲುವಂಥದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂದಿತು. ತರಗತಿಯಲ್ಲಿ ತಲೆ ಸುತ್ತುವುದನ್ನು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ನಾವು ಸೋಮಾರಿತನವೆಂದು ಹಾಸ್ಯ ಮಾಡುವುದುಂಟು, ಅದು ಸರಿಯಲ್ಲ. ಸೊಪ್ಪು, ಹುರುಳಿ, ಕಾಳುಗಳಲ್ಲಿ ಕಬ್ಬಿಣವೇನೋ ಇದೆ, ಆದರೆ ಅದು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದೊಡನೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ, ಇಲ್ಲವೆ ಒಂದು ನೆಲ್ಲಿಕಾಯಿ ತಿಂದರೆ ಹೆಚ್ಚು ಹತ್ತುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡುವ ನಮ್ಮ ಹೆಂಗಸರ ಪದ್ಧತಿಯಿಂದಲೂ ಇದೇ ಲಾಭ. ರಕ್ತ ತೀರ ಕಡಿಮೆಯಿದ್ದವರಿಗೆ ಮಾತ್ರ ನಿಂಬೆಯಿಂದಾಗದು. ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಬೇಕು.

ಇದಕ್ಕೆ ವಿರೋಧಿ ಚಹಾ. ಅದರ ಒಗರು ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರಗೊಡದು. ಚಹಾ ಬಿಡಿರೆಂದು ಹೇಳಿದರೆ ಹಾಸ್ಟೆಲಿನಲ್ಲಿ ದಂಗೆಯೇ ಆದೀತು. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿರೆಂದಷ್ಟೇ ಕೇಳಿದ್ದೇನೆ. ನಮ್ಮ ಕೋಣೆಯ ನಾಲ್ವರು ಒಪ್ಪಿದ್ದಾರೆ. ತರ್ಕಶಾಸ್ತ್ರ ಓದುತ್ತಿರುವ ಐದನೆಯವನು ಮಾತ್ರ ಇನ್ನೂ ವಾದಿಸುತ್ತಿದ್ದಾನೆ.